ಗುರುತಿಗಿಂತ ಎರಡು ಬೆರಳು ಕೆಳಗೆ

ಗುಂಪಿನಲ್ಲಿ ನಾನು ಹೆಚ್ಚು ಮಾತಾಡುವವಳಲ್ಲ. ಕಳೆದ ಜೂನ್‌ನ ಒಂದು ಶನಿವಾರ ಹನ್ನೊಂದು ಜನರ ಎದುರು ನಿಂತು ‘ಆಗೋದಿಲ್ಲ’ ಎಂದೆ. ಅದಕ್ಕೆ ಇವತ್ತಿಗೂ ಕ್ಷಮೆ ಕೇಳಿಲ್ಲ.

ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ನನಗೆ ಕನ್ನಡ ಮಾತಾಡಲು ಇರುವವರು ಆಫೀಸಿನವರೂ ಅವರ ಮನೆಯವರೂ ಸೇರಿ ಆ ಹನ್ನೊಂದು ಜನ ಮಾತ್ರ. ಅವರಿಗಾಗಿ ಹತ್ತಿರದ ನದಿಯಲ್ಲಿ ಒಂದು ದಿನದ ಕನೂ ದೋಣಿಗಳ ಪ್ರವಾಸ ಏರ್ಪಡಿಸಿದವಳೂ ನಾನೇ. ದೋಣಿಗಳು ದಡದಲ್ಲಿದ್ದವು, ಪುಳಿಯೋಗರೆ, ಬಿರಿಯಾನಿ ಡಬ್ಬಿಗಳು ನೆರಳಿನಲ್ಲಿದ್ದವು. ಸೇತುವೆಯ ಕಂಬದ ಮೇಲಿನ ಪೇಗೆಲ್, ಅಂದರೆ ನೀರಿನ ಅಳತೆಪಟ್ಟಿ, ನೋಡಿದೆ. ನೀರು ಕೆಂಪು ಗುರುತಿಗಿಂತ ಎರಡು ಬೆರಳು ಕೆಳಗಿತ್ತು. ಆ ಗುರುತಿನ ಕೆಳಗೆ ಅಲ್ಲಿ ಯಾರೂ ದೋಣಿ ಇಳಿಸುವುದಿಲ್ಲ. ಅದು ಕಾನೂನಲ್ಲ, ಆ ನದಿಯಲ್ಲಿ ಹುಟ್ಟು ಹಾಕುವವರು ತಾವೇ ಪಾಲಿಸಿಕೊಂಡು ಬಂದ ಕಟ್ಟುಪಾಡು.

ಅದನ್ನು ನಾನು ಕಲಿತದ್ದು ವಿದ್ಯಾರ್ಥಿನಿಯಾಗಿದ್ದಾಗ, ಇದೇ ನದಿಯಲ್ಲಿ ನಾಲ್ಕು ದಿನದ ನನ್ನ ಮೊದಲ ಪ್ರವಾಸದಲ್ಲಿ. ಆಳವಿಲ್ಲದ ನೀರಿನಲ್ಲಿ ಇಳಿದು ದೋಣಿ ಹೊರುವ ಬದಲು ಜಲ್ಲಿಯ ಮೇಲೆ ಉಜ್ಜಿಕೊಂಡೇ ಸಾಗಿಸಿದೆ. ಕರೆದೊಯ್ದಿದ್ದ ಹಿರಿಯ ಹೆಂಗಸು ನನ್ನನ್ನು ಇಳಿಸಿ, ದೋಣಿ ಎಳೆದ ಗೆರೆಯ ಪಕ್ಕ ಬಗ್ಗಿಸಿ ತೋರಿಸಿದರು. ಕಲ್ಲುಗಳ ಸಂದಿನಲ್ಲಿ ಸಾಸಿವೆಯಂಥ ಮೀನಿನ ಮೊಟ್ಟೆಗಳು. ಗೆರೆಯೊಳಗೆ ಬರೀ ಲೋಳೆ. ಅವರು ಬೈಯಲಿಲ್ಲ, ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಅಂದಿನಿಂದ ಪ್ರತಿ ವಸಂತದಲ್ಲೂ ಅವರ ಕನೂ ಸಂಘದ ಜೊತೆ ಆ ಜಲ್ಲಿಹಾಸುಗಳನ್ನು ಕಾಯಲು ಹೋಗುತ್ತೇನೆ. ದೂರದ ಕಲೋನ್‌ನಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಾಗ ಬೇಡವೆಂದೆ. ಕಾರಣವನ್ನು ಮನೆಯಲ್ಲಿ ಹೇಳಿಲ್ಲ.

“ಎರಡು ಬೆರಳು ತಾನೇ? ನಾವೇನು ಹಡಗು ತಂದಿದ್ದೀವಾ?” ಎಂದರು ನಮ್ಮ ಟೀಮ್ ಲೀಡ್.

“ತಳ ಉಜ್ಜತ್ತೆ ಸರ್. ಕೆಳಗೆ ಮೀನಿನ ಮೊಟ್ಟೆಗಳಿವೆ.”

“ಮಗಾ, ನೀನು ಕೂತ್ರೆ ದೋಣಿ ಅಲ್ಲ, ನದಿನೇ ಕೆಳಗೆ ಹೋಗತ್ತೆ,” ಎಂದು ಒಬ್ಬ ಪಕ್ಕದವನ ಹೊಟ್ಟೆ ತಟ್ಟಿದ. ಎಲ್ಲರೂ ನಕ್ಕರು.

ಲೀಡ್ ನಗಲಿಲ್ಲ. “ಪೊಲೀಸ್ ಬರ್ತಾರಾ?”

“ಇಲ್ಲ.”

“ಫೈನ್ ಹಾಕ್ತಾರಾ?”

“ಇಲ್ಲ.”

“ಮತ್ತೆ ತಡೆಯೋರು ಯಾರಮ್ಮಾ?”

“ನಾನು.”

“ಮೊನ್ನೆ ನಮ್ಮನೇಲಿ ಫಿಶ್ ಫ್ರೈ ಎರಡು ಸಲ ಹಾಕಿಸ್ಕೊಂಡೆ,” ಎಂದರು ಅವರ ಹೆಂಡತಿ. “ಆಗ ಎಲ್ಲಿತ್ತು ಈ ಕನಿಕರ?”

“ತಿನ್ನೋಕಾದ್ರೂ ಅದು ಮೊದ್ಲು ಹುಟ್ಟಬೇಕಲ್ಲ ಅಕ್ಕಾ.”

ಹುಟ್ಟುಗಳನ್ನೆಲ್ಲ ಒಟ್ಟುಮಾಡಿ ನನ್ನ ಕಾರಿನಲ್ಲಿಟ್ಟು ಬೀಗ ಹಾಕಿದೆ. ಹುಲ್ಲಿನ ಮೇಲೆ ಕೂತು ಎಲ್ಲರೂ ಊಟ ಮಾಡಿದರು. ಬಿರಿಯಾನಿ ನನ್ನವರೆಗೆ ಬರಲಿಲ್ಲ.

ಸೋಮವಾರ ಕ್ಯಾಂಟೀನಿನಲ್ಲಿ ಒಬ್ಬಳೇ ಕೂತೆ. ಆಮೇಲೂ ಹಲವು ದಿನ ಹಾಗೇ. ನಾನು ತಪ್ಪು ಮಾಡಿದೆನೇ ಎಂದು ಕೇಳಿಕೊಂಡೆ. ಇಲ್ಲ ಎಂಬ ಉತ್ತರವೇ ಪ್ರತಿ ಸಲವೂ ಬಂತು. ಜುಲೈನಲ್ಲಿ ಚೆನ್ನಾಗಿ ಮಳೆಯಾಯಿತು. ಮೊಟ್ಟೆಗಳೂ ಅಷ್ಟರಲ್ಲಿ ಒಡೆದು ಮರಿಗಳು ಹೊರಟುಹೋಗಿದ್ದವು. ನಮ್ಮ ವಾಟ್ಸಾಪ್ ಗುಂಪಿಗೆ ಬರೆದೆ: ‘ಈಗ ಹೋಗಬಹುದು. ಶನಿವಾರ ಒಂಬತ್ತಕ್ಕೆ ಅಲ್ಲಿರ್ತೀನಿ. ಅವತ್ತು ನೀರು ಇಳಿದಿದ್ದರೆ ಮತ್ತೆ ಬೇಡ ಅಂತೀನಿ.’

ಮೂವರು ಬಂದರು. ಎರಡು ದೋಣಿ ಸಾಕಾದವು.