ಗಂಡನ ಹೊಟ್ಟೆ ಕರಗಿದ ವರ್ಷ

ನನ್ನ ಗಂಡ ಕಬ್ಬಿನ ಲಾರಿ ಓಡಿಸುತ್ತಿದ್ದರು, ಎಂ.ಕೆ. ಹುಬ್ಬಳ್ಳಿ ಎಂಬ ಊರಿನ ಸಕ್ಕರೆ ಕಾರ್ಖಾನೆಗೆ. ಸ್ಟೇರಿಂಗಿಗೆ ತಾಗುವಂಥ ಹೊಟ್ಟೆ. ಬೈಲಹೊಂಗಲದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನನಗೆ ಆ ಹೊಟ್ಟೆ ಕಂಡರೆ ಹೇಸಿಗೆ. ಮುಖಕ್ಕೇ ಹೇಳುತ್ತಿದ್ದೆ.

ಹೋದ ವರ್ಷ ಅವರು ಊಟ ಅರ್ಧಕ್ಕೇ ಬಿಡತೊಡಗಿದರು. "ಎರಡು ತುತ್ತಿಗೇ ಹೊಟ್ಟಿ ತುಂಬತೈತಿ," ಎಂದರು.

"ಚಲೋನ ಆತು ಬಿಡ್ರಿ," ಎಂದೆ.

ಅವರ ಪ್ಯಾಂಟುಗಳ ಸೊಂಟವನ್ನು ಎರಡು ಸಲ ಒಳಗೆ ಹಿಡಿದು ಹೊಲಿದೆ, ಖುಷಿಯಿಂದ. ಕಟಕೋಳದಿಂದ ಬಂದ ನಾದಿನಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣಾ, ಹುಡುಗನಂಗ ಕಾಣಾಕತ್ತಿ. ಏನ್ ತಿಂತಿ ಹೇಳ, ನಮ್ಮ ಮನ್ಯಾಗಿನವ್ರಿಗೂ ಕೊಡತೇನಿ," ಎಂದಳು. ನಾವೆಲ್ಲ ನಕ್ಕೆವು. ಅವರು ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡರು. ವಾಂತಿ ಕಪ್ಪಗಿತ್ತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಜಠರದ ಕ್ಯಾನ್ಸರ್ ಎಂದರು. ಡಾಕ್ಟರು ಎರಡು ಸ್ಕ್ಯಾನ್ ಪಕ್ಕಪಕ್ಕ ತೆರೆದರು. ಒಂದು, ಎರಡು ವರ್ಷದ ಹಿಂದೆ ಕಿಡ್ನಿಯ ಹರಳಿಗೆ ಮಾಡಿಸಿದ್ದು, ಇನ್ನೊಂದು ಅವತ್ತಿನದು.

"ಈ ಕಪ್ಪು ಪಟ್ಟಿ ಚರ್ಮದ ಕೆಳಗಿನ ಕೊಬ್ಬು ರೀ. ಈಗ ನೋಡ್ರಿ, ಗೆರಿಯಷ್ಟ ಉಳದೈತಿ. ಸ್ನಾಯೂನೂ ಸವದಾವು. ಇಂಥಾ ಮೈ ಆಪರೇಷನ್ ತಡಕೊಳ್ಳೂದು ಕಷ್ಟ."

"ಬೊಜ್ಜು ಕೆಟ್ಟದಲ್ರಿ?" ಎಂದೆ.

"ಕರುಳಿನ ಸುತ್ತಿನ ಕೊಬ್ಬು ಆಪರೇಷನ್ ಮಾಡೂವಾಗ ನಮಗೂ ತ್ರಾಸ ಕೊಡತೈತಿ, ಖರೆ. ಆದ್ರ ತಾನಾಗೇ ಹಿಂಗ ಕರಗಿತಂದ್ರ ಅದನ್ನ ರೋಗ ತಿಂದಂಗ. ಮನ್ಯಾಗ ಯಾರೂ ನೋಡಲಿಲ್ಲೇನ್ರಿ?"

ನೋಡಿದ್ದೆ. ಟೇಪು ಹಿಡಿದು ಅಳೆದಿದ್ದೆ. ನನ್ನ ಮೇಲೇ ನನಗೆ ಹೇಸಿಗೆ ಬಂತು. ಹೊರಗೆ ಹೋಗಿ ನಲ್ಲಿಯ ಕೆಳಗೆ ಬಾಯಿ ತೊಳೆದುಕೊಂಡೆ.

ಮೊದಲು ಮೈಗೆ ಬಲ ಬರಲೆಂದು ಮೂಗಿನ ನಳಿಗೆಯಲ್ಲಿ ಆಹಾರ ಕೊಟ್ಟರು. ನೋಡಲು ಬಂದ ಪಕ್ಕದ ಮನೆಯವಳು ಬಾಳೆಹಣ್ಣು ಇಟ್ಟು, "ಆದ್ರೂ ಹೊಟ್ಟಿ ಹೋಗಿ ಲಕ್ಷಣ ಕಾಣಾಕತ್ತಾರ್ರಿ," ಎಂದಳು. ಅವರು ಕಣ್ಣು ಮುಚ್ಚಿಕೊಂಡರು.

"ನಡೀರಿ ಹೊರಗ," ಎಂದೆ. ಬಾಳೆಹಣ್ಣನ್ನೂ ಅವಳ ಕೈಗೇ ಕೊಟ್ಟೆ. ನನ್ನ ಬಾಯಿಂದಲೇ ಬಂದಿದ್ದ ಮಾತು ಅವಳ ಬಾಯಲ್ಲಿ ಎಷ್ಟು ಹೊಲಸಾಗಿ ಕೇಳಿತು!

ಕಿಮೋ ಆಯಿತು, ಆಪರೇಷನ್ ಆಯಿತು. ಜಠರದ ಬಹುಪಾಲು ತೆಗೆದರು. ಬದುಕಿದ್ದಾರೆ, ಲಾರಿ ಬಿಟ್ಟಿದ್ದಾರೆ. ದಿನಕ್ಕೆ ಏಳೆಂಟು ಸಲ ಒಂದೊಂದು ಬಟ್ಟಲು ಜೋಳದ ಗಂಜಿ, ಮೊಟ್ಟೆ. ಜಠರ ಕಿರಿದಾಗಿರುವುದರಿಂದ ಉಂಡ ಮೇಲೆ ಒಮ್ಮೊಮ್ಮೆ ಬೆವರಿ, ತಲೆ ತಿರುಗಿ ಮಲಗುತ್ತಾರೆ. ಅದು ಇಳಿಯುವವರೆಗೆ ಹೊಲಿಗೆ ಮಷಿನ್ ನಿಲ್ಲಿಸಿ ಪಕ್ಕದಲ್ಲಿ ಕೂರುತ್ತೇನೆ.