ದೃಷ್ಟಿ ತಗುಲಿದ ಗೌರಿ ಹೂವು

ಹುಟ್ಟಿದ್ದಕ್ಕೆ ಸಾವು ತಪ್ಪಿದ್ದಲ್ಲ ಎಂದು ಹಿರಿಯರು ಹೇಳಿಹೋಗಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಯಾರೂ ಗಡ್ಡೆ ನೆಟ್ಟವರಿರಲಿಕ್ಕಿಲ್ಲ.

ಎಂಬತ್ತರ ದಶಕದಲ್ಲಿ ಕುಮಟಾ ಕಡೆಯ ಹುಡುಗಿಯನ್ನು ಮದುವೆಯಾಗಿ ಬ್ಯಾಡಗಿಗೆ ಕರೆತಂದೆ. ಸಮುದ್ರದ ಗಾಳಿಗೆ ತೆರೆದ ತವರಿನ ಹಿತ್ತಲಲ್ಲಿ, ತೀರಿಹೋದ ಅವಳ ತಾಯಿ ಬೇಲಿಗೆ ಹಬ್ಬಿಸಿದ್ದ ಗೌರಿ ಹೂವಿನ ಬಳ್ಳಿಯಿತ್ತು. ಅದರದೊಂದು ಗಡ್ಡೆಯನ್ನು ಮರಳು ತುಂಬಿದ ಡಬ್ಬಿಯಲ್ಲಿ ತಂದು, ನಮ್ಮ ಎರೆಮಣ್ಣಿಗೆ ಆ ಮರಳನ್ನೂ ಬೆರೆಸಿ ನೆಟ್ಟಳು. ಶ್ರಾವಣದಲ್ಲಿ ಬೆಂಕಿಯ ನಾಲಿಗೆಯಂಥ ಹೂ ಬಿಟ್ಟು, ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೊಗಳಿ ಹೋದರು. ನನ್ನ ಅವ್ವನಿಗೆ ಅದೇ ಅಂಜಿಕೆ, ಬಳ್ಳಿಗೆ ದೃಷ್ಟಿಯಾದೀತೆಂದು.

ದಸರೆ ಮುಗಿದ ಮೇಲೆ ಹೆಂಡತಿ ಅಣ್ಣನ ಮನೆಗೆ ಹೋದಳು. ಇತ್ತ ಬಳ್ಳಿ ಹಳದಿಯಾಗತೊಡಗಿತು. ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ತಗುಲಿದ್ದು ಖಚಿತ ಎಂಬುದು ಶಾಸ್ತ್ರ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಈ ಶಾಸ್ತ್ರದ ಪ್ರಕಾರ ಬ್ಯಾಡಗಿಯಲ್ಲಿ ದೃಷ್ಟಿ ತಗುಲದವರು ಯಾರೂ ಇಲ್ಲ.

“ಒಂದೀಟರ ಘಾಟು ಬಂತೇನೋ?”

“ಇಲ್ಲಬೇ.”

“ಹಂಗಾರ ಮುಗೀತು ಬಿಡು. ಯಾವ ಹಾಳಗಣ್ಣು ಬಿತ್ತೋ ಏನೋ!”

ಹತ್ತು ದಿನದಲ್ಲಿ ಬಳ್ಳಿ ಒಣಹಗ್ಗವಾಯಿತು. ಸತ್ತದ್ದು ಮನೆ ಸುತ್ತ ಇರಬಾರದೆಂದಳು ಅವ್ವ. ನಾನು ಸಲಿಕೆ ಹಾಕಿದೆ. ನೇಗಿಲಿನ ಆಕಾರದ ಗಡ್ಡೆ ಮುರಿದು ಎರಡಾಯಿತು. ಸಕಲ ಮರ್ಯಾದೆಯೊಂದಿಗೆ ತಿಪ್ಪೆಗೆ ಹಾಕಿದೆ.

ದೀಪಾವಳಿ ಮುಗಿಸಿ ಬಂದ ಹೆಂಡತಿ ಕೈಚೀಲ ಕೆಳಗಿಡುವ ಮೊದಲೇ ಹೇಳಿದಳು: “ಅಣ್ಣ ಬೇಲಿ ಕಿತ್ತು ಕಾಂಪೌಂಡು ಕಟ್ಟಿಸಿದ್ದಾನೆ. ಅಲ್ಲಿ ಒಂದು ಗಡ್ಡೆಯೂ ಉಳಿದಿಲ್ಲ. ಇನ್ನು ಅಮ್ಮನದು ಅಂತ ಇರೋದು ನಮ್ಮಲ್ಲಿರೋದೊಂದೇ.”

ನಾನು ಅವ್ವನ ಮುಖ ನೋಡಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅದು ದೃಷ್ಟಿ ಆಗಿ ಸತ್ತ ಹೋತವಾ” ಎಂದಳು.

“ಸಾಯೂದೆಂತ ಅತ್ತೆ? ಮಳೆಗಾಲ ಮುಗಿದ ಮೇಲೆ ಅದು ಒಣಗೋದೇ ಹಾಗೆ. ಗಡ್ಡೆ ಮಲಗಿರ್ತದೆ, ಮತ್ತೆ ಮಳೆ ಬಂದ್ರೆ ಏಳ್ತದೆ. ಗಡ್ಡೆ ಎಲ್ಲಿ?”

ತಿಪ್ಪೆಗೆ ಹಾಕಿದೆನೆಂದೆ. ಮೂವರೂ ಹಿತ್ತಲಿಗೆ ಓಡಿದೆವು. ತಿಪ್ಪೆಯಿದ್ದ ಜಾಗದಲ್ಲಿ ಬರೀ ನೆಲ. ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ: ಹಿಂದಿನ ದಿನವಷ್ಟೇ ಕದರಮಂಡಲಗಿ ಕಡೆಯ ರೈತನೊಬ್ಬ ಹೊಲಕ್ಕೆಂದು ಗೊಬ್ಬರ ಹೇರಿಕೊಂಡು ಹೋಗಿದ್ದ. ಗಾಡಿ ತುಂಬಲು ನಾನೇ ಕೈಹಚ್ಚಿದ್ದೆ.

ಹೆಂಡತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಮುಂದಿನ ಮುಂಗಾರಿಗೆ ಆ ಹೊಲದಲ್ಲಿ ಎರಡು ಬಳ್ಳಿ ಎದ್ದವು. ಒಂದನ್ನು ರೈತ ಕಳೆಯೆಂದು ಕಿತ್ತ. ಇನ್ನೊಂದನ್ನು ಅವನು ಕೀಳುವ ಮೊದಲೇ ನಾನು ಹೋಗಿ ಗಡ್ಡೆಸಮೇತ ಅಗೆದು ತಂದೆ; ಅದೀಗ ನಮ್ಮ ಹಿತ್ತಲಲ್ಲಿದೆ.