ನಮ್ಮ ಬಂದೂಕು ಠಾಣೆಯಲ್ಲಿತ್ತು

ಆಗ ನನಗೆ ಅರವತ್ತೆಂಟು. ಎರಡು ವರ್ಷದ ಹಿಂದಿನ ಮಾತು. ಮುಂಬೈಯ ದಹಿಸರಿನ ನಮ್ಮ ಚಾಳಿನ ಹಿಂದೆ, ಕೊಳಚೆ ಹರಿಯುವ ನಾಲಾ ಪಕ್ಕ, ತಗಡು ಹೊದಿಸಿಕೊಂಡು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದೆ. ಜಾಗ ನಮ್ಮದಲ್ಲ, ಅದು ನನಗೂ ಗೊತ್ತು. ಆದರೆ ಆ ಒಲೆ ಹೋದರೆ ನಾನೂ ಯಜಮಾನರೂ ಮಗಳ ಮನೆಯಲ್ಲಿ ತಟ್ಟೆ ಹಿಡಿದು ಕೂರಬೇಕು. ಅದು ನನಗೆ ಬೇಡ.

ಒಂದು ಮಧ್ಯಾಹ್ನ ತಲೆಯ ಮೇಲೆ ಡ್ರೋನು ಬಂತು. ಗುಂಯ್ ಅನ್ನುತ್ತ ತಗಡಿನ ಮೇಲೇ ನಿಂತು, ಒಣಹಾಕಿದ್ದ ಮೆಣಸಿನಕಾಯಿಯನ್ನೂ ಬಿಡದೆ ಫೋಟೊ ತೆಗೆದುಕೊಂಡು ಹೋಯಿತು. ಆಮೇಲೆ ಗೋಡೆಗೆ ನೋಟಿಸು. ಶುಕ್ರವಾರ ಮುನ್ಸಿಪಾಲ್ಟಿಯ ಬುಲ್ಡೋಜರ್ ಬರುತ್ತದೆ ಎಂದು ಓದಿ ಹೇಳಿದವಳು ಪವಾಯಿಯಲ್ಲಿ ಇಂಜಿನಿಯರಿಂಗ್ ಕಲಿಯುವ ಮೊಮ್ಮಗಳು. ನಾನು ಅಕ್ಷರ ಕೂಡಿಸುವಷ್ಟರಲ್ಲಿ ಶುಕ್ರವಾರವೇ ಬಂದುಬಿಡುತ್ತಿತ್ತು.

ನಮ್ಮ ಯಜಮಾನರು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತೇ ವಯಸ್ಸು ಕಳೆದವರು. ಬಂದೂಕು ಅವರದೇ, ಲೈಸೆನ್ಸಿನದು. ಒಮ್ಮೆಯೂ ಹಾರಿಸಿದ್ದಿಲ್ಲ. ಮೀಸೆ ತಿರುವಿದರು.

"ಬರ್ಲಿ ಬಿಡು. ಬಂದೂಕ ಹಿಡಕೊಂಡು ಒಲಿ ಮುಂದ ಕುರ್ಚಿ ಹಾಕ್ಕೊಂಡ ಕೂಡ್ತೀನಿ. ಮನಿಗೊಂದು ಬಂದೂಕ ಇದ್ರ ಯಾವ ಸರ್ಕಾರ ಹತ್ರ ಬರ್ತೈತಿ?"

ಮಾತಿಗೊಮ್ಮೆ ಹಿಂದಿ ಬೆರೆಸುವ ಮೊಮ್ಮಗಳು ನಕ್ಕಳು. "ಅಜ್ಜಾ, ಅವರ ಪಾಸ್ ಡ್ರೋನ್ ಇದೆ, ಕ್ಯಾಮೆರಾ ಇದೆ. ನೀವು ಕುರ್ಚಿ ಇಟ್ಟರೂ ಸ್ಕ್ರೀನ್ ಮೇಲೆ ದಿಖ್ತಾ ಹೈ."

"ಡ್ರೋನಿಗೂ ಒಂದ ಗುಂಡ."

"ಫಿರ್ ದೂಸ್ರಾ ಬರುತ್ತೆ. ಆಮೇಲೆ ತೀಸ್ರಾ."

"ಗುಡ್ಡದಾಗ ಕುಂತು ದೊಡ್ಡ ದೊಡ್ಡ ಫೌಜಿಗೆ ನೀರು ಕುಡಿಸಿದವರು ಅದಾರ, ತಿಳ್ಕೋ!"

"ಅವರಿಗ ಗುಡ್ಡ ಇತ್ರೀ, ನಿಮಗ ನಾಲಾ ಐತಿ," ಎಂದೆ ರೊಟ್ಟಿ ಬಡಿಯುತ್ತ. "ಮತ್ತ ಬಂದೂಕರ ಎಲ್ಲೈತಿ?"

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಡಿಸಿಕೊಳ್ಳುತ್ತಾರೆ. ಇವರು ಎಲ್ಲರಿಗಿಂತ ಮೊದಲೇ ಎಣ್ಣೆ ಒರೆಸಿ ಕೊಟ್ಟುಬಂದಿದ್ದರು. ಚುನಾವಣೆ ಮುಗಿದಿದ್ದರೂ ಮೊಣಕಾಲು ನೋವೆಂದು ತಂದಿರಲಿಲ್ಲ. ಸರ್ಕಾರದ ಮೇಲೆ ಎತ್ತಬೇಕಾದ ಬಂದೂಕು ಸರ್ಕಾರದ ಕಪಾಟಿನಲ್ಲೇ ಮಲಗಿತ್ತು.

ಗುರುವಾರ ಇಸ್ತ್ರಿ ಅಂಗಿ ಹಾಕಿಕೊಂಡು ತರಲು ಹೋದರು. ಇಷ್ಟು ಅವಸರ ಯಾಕೆ ಕಾಕಾ ಎಂದು ಅಲ್ಲಿನ ಸಾಹೇಬರು ಕೇಳಿದರಂತೆ. ಖಾಕಿಯ ಮುಂದೆ ಸುಳ್ಳು ಹೇಳಿ ರೂಢಿಯಿಲ್ಲದ ನಮ್ಮ ಗಾರ್ಡು ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದು, ನಾಳೆ ಮುನ್ಸಿಪಾಲ್ಟಿಯ ಬುಲ್ಡೋಜರ್ ತಡೆಯಬೇಕಾಗಿದೆ ಎಂದು ರಿಪೋರ್ಟು ಒಪ್ಪಿಸಿದ್ದಾರೆ!

"ಏನಂದ್ರು?" ಎಂದು ಕೇಳಿದೆ.

"ಚಾ ಕುಡಿಸಿದ್ರು."

"ಬಂದೂಕ?"

"ಮುಂದಿನ ವಾರ ಬಾ ಅಂದ್ರು. ಭಾಳ ಛಲೋ ಮನಷ್ಯಾ."

"ನಿಮ್ಮಂಥಾ ನಾಕ ಮಂದಿ ವೈರಿಗಳಿದ್ರ ಸರ್ಕಾರಕ್ಕ ಡ್ರೋನ್ ಯಾಕ ಬೇಕ್ರೀ!" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದರು.

ಕೆಡವಿದ ಸಾಮಾನೆಲ್ಲ ಮುನ್ಸಿಪಾಲ್ಟಿಯ ಲಾರಿಯಲ್ಲಿ ಹೋಗುತ್ತದೆ, ತಿರುಗಿ ಬರುವುದಿಲ್ಲ. ಅದಕ್ಕೇ ನಾನು ಆವತ್ತೇ ಸೆರಗು ಸಿಕ್ಕಿಸಿ ಸ್ಟೂಲು ಹತ್ತಿದೆ. ತಂತಿ ಬಿಚ್ಚಿ ಒಂದೊಂದೇ ತಗಡು ಇಳಿಸಿ ಕೊಟ್ಟೆ. ಯಜಮಾನರು ಗೊಣಗುತ್ತ ಅದನ್ನು ಮಂಚದ ಕೆಳಗೆ ದೂಡಿದರು. ಕಬ್ಬಿಣದ ಒಲೆಯನ್ನು ಇಬ್ಬರೂ ಎಳೆದು ಒಳಗೆ ತಂದೆವು. ಆ ಸಂಜೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಶುಕ್ರವಾರ ಬುಲ್ಡೋಜರ್ ಬಂತು. ಹಿಂದೆ ವ್ಯಾನಿನ ತುಂಬ ಪೊಲೀಸರು, ಮೇಲೆ ಡ್ರೋನು. ಕೆಡವುವುದಕ್ಕೆ ನಾಲ್ಕು ಬಿದಿರು ಗಳ ಬಿಟ್ಟರೆ ಏನೂ ಇಲ್ಲ. ಅಷ್ಟು ದೊಡ್ಡ ಯಂತ್ರ ಅವನ್ನೇ ಲಟಕ್ಕನೆ ಮುರಿದು ಹಾಕಿತು. ಫೋಟೊ ತೆಗೆದುಕೊಂಡು ಹೋದರು. ಯಜಮಾನರು ಹಟಕ್ಕೆ ಬಿದ್ದು ಬರಿಗೈಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಪೊಲೀಸರಲ್ಲೊಬ್ಬ ನಮಸ್ಕಾರ ಮಾಡಿದನಂತೆ. ಅದನ್ನು ಇವತ್ತಿಗೂ ಹೇಳುತ್ತಾರೆ.

ಮರುದಿನ ಬೆಳಿಗ್ಗೆ ನಾನು ರೈಲ್ವೆ ಸ್ಟೇಶನ್ ಹತ್ತಿರ ಹೋಗಿ ಬೇರೆ ಗಳ ತಂದು ಅದೇ ಜಾಗದಲ್ಲಿ ನೆಟ್ಟು, ತಗಡು ಕಟ್ಟಿ, ಒಲೆ ಹಚ್ಚಿ, ಹಿಟ್ಟು ನಾದಲು ಕೂತೆ.